ದೋಣಿ ಕಟ್ಟಿದ ಬಸ್ ಡ್ರೈವರ್

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಬಸ್ ಡ್ರೈವರ್. ಒಂದು ಬೇಸಿಗೆಯಲ್ಲಿ ಅವರು ಕಯಾಕ್ ಎಂಬ ಸಪೂರ ದೋಣಿಯ ನಕ್ಷೆಯನ್ನು ಪ್ರಿಂಟ್ ಹಾಕಿಸಿ ತಂದು, ಹಜಾರದಲ್ಲೇ ಮರದ ಪಟ್ಟಿಗಳನ್ನು ಬಗ್ಗಿಸಿ ಕಟ್ಟತೊಡಗಿದರು. ನೋಡಲು ಬಂದವರೆಲ್ಲ ಇದು ತೇಲುತ್ತದಾ, ಬಾಳುತ್ತದಾ ಎಂದು ಕೇಳುತ್ತಿದ್ದರು. ಅವರು ಪಟ್ಟಿಯ ಮೇಲೆ ಅಂಗೈ ಸವರುತ್ತ, ತಲೆಯೆತ್ತದೆ, “ಪ್ಲಾನ್‌ನಲ್ಲಿ ಐತೆ ಕಣ್ರೀ” ಅನ್ನುತ್ತಿದ್ದರು.

ಅವರ ಹೆಂಡತಿ ತಿ. ನರಸೀಪುರದ ಹೊಳೆಯಲ್ಲಿ ಈಜುತ್ತ ಬೆಳೆದವರು. “ಬಸ್ ಓಡ್ಸಿದ್ದು ಸಾಲ್ದೂಂತ ಈಗ ನೀರ್‌ಗಿಳೀತಾರಂತೆ” ಎಂದು ಗೊಣಗುತ್ತಲೇ ಆ ಚೌಕಟ್ಟಿಗೆ ಕ್ಯಾನ್ವಾಸ್ ಹೊಲಿದುಕೊಟ್ಟರು. ಅದಕ್ಕೆ ಬಣ್ಣ ಬಳಿದು ಒಣಗಿಸಿದ್ದಾಯಿತು.

ಒಂದು ಭಾನುವಾರ ಬೆಳಿಗ್ಗೆ ನಾನೂ ಅವರೂ ಅದನ್ನು ಹೊತ್ತು ಕಪಿಲಾ ನದಿಗೆ ತಂದೆವು; ಅವರ ಹೆಂಡತಿಯೂ ಜೊತೆಗೆ ಬಂದರು. ಲೈಫ್ ಜಾಕೆಟ್ ತೊಟ್ಟು ಅವರು ಒಳಗೆ ಕೂತ ಮರುಕ್ಷಣವೇ ದೋಣಿ ಮಗುಚಿತು. ಎದೆಮಟ್ಟದ ನೀರಿನಲ್ಲಿ ಎದ್ದು ನಿಂತಾಗ ಅವರ ಮುಖ ಬಾಡಿಹೋಗಿತ್ತು. ದಡದಿಂದ ಹೆಂಡತಿ ಕೂಗಿದರು: “ಇದೂ ಪ್ಲಾನ್‌ನಲ್ಲಿ ಐತಾ?”

ಅವರಿಗೂ ನಗು ತಡೆಯಲಾಗಲಿಲ್ಲ. ಆಕೆ ಸೀರೆ ಸಿಕ್ಕಿಸಿಕೊಂಡು ನೀರಿಗಿಳಿದು, ಮಗುಚಿದ ದೋಣಿಯನ್ನು ಎತ್ತಿ ನೀರು ಚೆಲ್ಲಿ, ಭದ್ರವಾಗಿ ಹಿಡಿದು, “ಬಿಗೀಬ್ಯಾಡಿ, ಸೊಂಟ ಸಡ್ಲ ಬಿಡಿ” ಎಂದು ಗಂಡನನ್ನು ಕೂರಿಸಿ, ಮೆಲ್ಲಗೆ ಮುಂದಕ್ಕೆ ತಳ್ಳಿದರು.

ದೋಣಿ ತೂಗಾಡಿ, ನೆಟ್ಟಗಾಗಿ, ತೇಲಿತು. ಅವರು ಹುಟ್ಟು ಹಾಕುತ್ತ ಮೈಸೂರು ರಸ್ತೆಯ ಸೇತುವೆಯತ್ತ ಸಾಗಿದರು. ಸೇತುವೆಯ ಮೇಲೆ ಬರುತ್ತಿದ್ದ ಬಸ್ಸೊಂದು ಹಾರ್ನ್ ಹೊಡೆಯಿತು. ಅವರು ತಿರುಗಿಯೂ ನೋಡದೆ ಬಲಗೈ ಹೊರಗೆ ಚಾಚಿ, ಮುಂದೆ ಹೋಗಪ್ಪ ಎಂಬಂತೆ ಬೀಸಿ, ಬಸ್ಸಿಗೆ ದಾರಿ ಬಿಟ್ಟರು.