ಓಡದ ಜಿಂಕೆಯ ಭಂಗಿ

ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ, ಒಳಗೆ ಹುಲ್ಲು ತುಂಬಿ, ಗಾಜಿನ ಕಣ್ಣು ಕೂರಿಸಿ ನಿಲ್ಲಿಸುವುದು ಅಕ್ಕನ ಕಸುಬು. ಊರಿಗೆಲ್ಲ ಅವಳು ‘ಹುಲ್ಲಕ್ಕ’. ಕೆಲಸದಲ್ಲಿ ಎತ್ತಿದ ಕೈ. ಕೆದಕಿ ಕೇಳುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಪ್ರಾಣಿ ಕೊನೇ ಗಳಿಗೆಯಲ್ಲಿ ಹೇಗಿತ್ತೋ ಹಾಗೇ ನಿಲ್ಲಿಸಬೇಕೆಂಬುದು ಅವಳ ಹಟ. ಕಿವಿ ಎತ್ತ ತಿರುಗಿತ್ತು? ಯಾವ ಕಾಲು ಮುಂದಿತ್ತು? ಉತ್ತರ ಕೊಟ್ಟು ಸುಸ್ತಾದ ಗಿರಾಕಿಗಳು, ಇವಳಿಗಿಂತ ಬೇಟೆ ಪರವಾನಗಿ ಕಚೇರಿಯೇ ವಾಸಿ ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವಳ ಸ್ವಂತ ತಮ್ಮನೇ ಕೊಂಬಿನ ಜಿಂಕೆಯೊಂದರ ಚರ್ಮವನ್ನು ತಲೆಸಮೇತ ತಂದು ಮೇಜಿನ ಮೇಲೆ ಹಾಕಿದ. ಅವನ ಮೊದಲ ಬೇಟೆ. ಹೆಣ್ಣು ಕೊಟ್ಟ ಮಾವನ ಮುಂದೆ ಒಮ್ಮೆಯಾದರೂ ಮೀಸೆ ತಿರುವಬೇಕೆಂಬುದು ಅವನ ಬಹುದಿನದ ಆಸೆ.

“ಅಕ್ಕಾ, ನೆಗೀತಿರೋ ಥರ ಮಾಡು. ಮಾವನವರು ಬರೋಷ್ಟರಲ್ಲಿ ಹಜಾರದಲ್ಲಿ ನಿಂತಿರಬೇಕು.”

“ಓಡ್ತಿತ್ತಾ?”

“ಗಾಳಿ ಥರ!”

ಅಕ್ಕ ಕನ್ನಡಕ ಮೂಗಿಗೇರಿಸಿದಳು. ಹಣೆಯ ನಟ್ಟನಡುವೆ ಗುಂಡು ಹೊಕ್ಕಿತ್ತು. “ನಿನ್ನ ಕಡೆಗೇ ಓಡ್ತಿತ್ತೇನೋ?”

“ತಿರುಗಿ ನೋಡ್ತು.”

ಕೊಂಬಿನ ಬುಡದಲ್ಲಿ ಕೂದಲು ಸವೆದಿತ್ತು, ಕೈಗಳು ದಿನಾ ತುರಿಸಿದ ಹಾಗೆ. ಕೆನ್ನೆಯೊಳಗೆ ಬೆರಳು ಹಾಕಿದರೆ ಬಿಸ್ಕತ್ತಿನ ಚೂರು.

“ಇದು ಕಾಡಲ್ಲಿ ಬೆಳೆಯುತ್ತೇನೋ?”

ತಮ್ಮನ ಮುಖ ಹುಳ್ಳಗಾಯಿತು. “ಬೆಟ್ಟ ಹತ್ತೋಕೆ ಬರೋರು ತಿನ್ನಿಸಿ ಅಭ್ಯಾಸ ಮಾಡಿದಾರೆ. ಕಾಡಿನ ಪ್ರಾಣಿನೇ ತಾನೆ? ಪರವಾನಗಿ ಇದೆ ನನ್ಹತ್ರ.”

“ಅದನ್ನ ಯಾರು ಕೇಳಿದ್ರು? ಎಷ್ಟು ದೂರದಲ್ಲಿತ್ತು ಹೇಳು. ಕತ್ತು ಹೇಗೆ ಕೂರಿಸಬೇಕು ಅಂತ ಗೊತ್ತಾಗ್ಬೇಕಲ್ಲ.”

ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು, ಕುಟುಕಲು ಕೇಳಿದ್ದಲ್ಲ. ಅದಕ್ಕೇ ಏನೋ, ತಮ್ಮ ಬಾಯಿಬಿಟ್ಟ.

“ದೂರಾನೇ ಸಿಗಲಿಲ್ಲ ಅಕ್ಕ. ಹತ್ತು ಹೆಜ್ಜೆ ಹಿಂದೆ ಹೋದೆ, ಅದೂ ಬಂತು. ಮತ್ತೆ ಹೋದೆ, ಮತ್ತೆ ಬಂತು. ಬಂದೂಕು ಎತ್ತೋಕೆ ಜಾಗಾನೇ ಬಿಡ್ಲಿಲ್ಲ. ಕೊನೆಗೆ ಒಂದು ಬಿಸ್ಕತ್ತು ದೂರ ಎಸೆದೆ. ಬಾಯಿಗೆ ಹಾಕ್ಕೊಂಡು ತಲೆ ಎತ್ತಿ ನೋಡ್ತು.”

ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಇವನು. ಅಕ್ಕ ಬೈಯುವುದು ಬಿಟ್ಟು ಜಿಂಕೆಯ ಕಿವಿ ಹಿಡಿದಳು.

“ಕಿವಿ?” ಎಂದಳು.

“ಮುಂದಕ್ಕೆ... ನನ್ನ ಕಡೆಗೆ.”

“ಸರಿ. ಹಾಗೇ ನಿಲ್ಲಿಸ್ತೀನಿ.”

“ಬೇಡ ಅಕ್ಕ. ನೆಗೆಯೋದೂ ಬೇಡ, ನಿಲ್ಲೋದೂ ಬೇಡ. ನೀನೇ ಇಟ್ಕೋ.”

ಅಕ್ಕ ಅಳತೆಪಟ್ಟಿ ಬಿಚ್ಚಿದಳು. “ಅದು ಬಂದದ್ದು ನಿನ್ನ ಹತ್ರ ಕಣೋ. ನಿನ್ನ ಮನೆಗೇ ಬರುತ್ತೆ.”