ಟೈಲರಮ್ಮ ವಾಪಸ್ ಪಡೆದ ತಕರಾರು

ಟೈಲರಮ್ಮನ ತಾಳಿಸರದಲ್ಲಿ ತಾಳಿಗಿಂತ ಸೇಫ್ಟಿ ಪಿನ್ನುಗಳೇ ಹೆಚ್ಚು. ಬಗ್ಗಿ ಅಳತೆ ತೆಗೆದುಕೊಳ್ಳುವಾಗ ಅವು ತಣ್ಣಗೆ ಮೈಗೆ ತಾಗುತ್ತಿದ್ದವು. ನಾನು ಯಲ್ದೂರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಕಾನ್ವೆಂಟ್ ಕನ್ನಡ ಕೇಳಿ ಎಲ್ಲರೂ ನಗುತ್ತಿದ್ದರು. ಅವರೊಬ್ಬರು ಮಾತ್ರ ಬಾಯಲ್ಲಿ ದಾರ ಕಚ್ಚಿಕೊಂಡೇ, "ಮೆಲ್ಲಗೆ ಹೇಳಮ್ಮಾಯಿ, ನಂಗೇನು ಅರ್ಜೆಂಟಿಲ್ಲ" ಅನ್ನುತ್ತಿದ್ದರು. ಅರ್ಜೆಂಟು ಅವರಿಗೆ ಯಾವುದಕ್ಕೂ ಇರಲಿಲ್ಲ. ಬ್ಲೌಸನ್ನು ಹೇಳಿದ ದಿನಕ್ಕೆ ಕೊಟ್ಟಿದ್ದೇ ಇಲ್ಲ.

ಪ್ರತಿ ಮಳೆಗೂ ಬೀದಿಯ ಚರಂಡಿ ನೀರು ಒಳನುಗ್ಗಿ ಅವರ ಮಿಷನ್ನಿನ ಪೆಡಲ್ ಮುಳುಗಿಸುತ್ತಿತ್ತು. ಹೇಳಿ ಹೇಳಿ ಸಾಕಾಗಿ ಪಂಚಾಯಿತಿ ಚುನಾವಣೆಗೆ ತಾವೇ ನಿಂತರು. ಎದುರಿಗೆ ನಿಂತವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ನಮ್ಮದು ಒಂದೇ ಹಿತ್ತಿಲು, ಎರಡು ಅಡುಗೆಮನೆ; ಸಾರು ಮಾತ್ರ ದಿನವೂ ಅತ್ತಿತ್ತ ಓಡಾಡುತ್ತಿತ್ತು. ನನ್ನ ಓಟು ಯಾರಿಗೆಂದು ಯಾರೂ ಕೇಳಲೂ ಇಲ್ಲ.

ನಾನು ಟೈಲರಮ್ಮನಿಗೇ ಹಾಕಿದೆ. ಆದರೆ ಮತಗಟ್ಟೆಯ ಮರೆಯಲ್ಲಿ ಇಟ್ಟಿದ್ದ ಮುದ್ರೆ ಕಾಣಲಿಲ್ಲವೋ, ಪರೀಕ್ಷೆ ಬರೆದ ಅಭ್ಯಾಸವೋ, ಪರ್ಸಿನಿಂದ ಪೆನ್ನು ತೆಗೆದು ಅವರ ಹೊಲಿಗೆ ಯಂತ್ರದ ಚಿಹ್ನೆಯ ಪಕ್ಕ ಅಂದವಾಗಿ ಒಂದು ಟಿಕ್ ಹಾಕಿ ಬಂದೆ.

ಎಣಿಕೆಯಲ್ಲಿ ಇಬ್ಬರಿಗೂ ಸಮ. ಮುದ್ರೆಯಿಲ್ಲದೆ ಪೆನ್ನಿನ ಗುರುತಿದ್ದ ಒಂದು ಮತಪತ್ರವನ್ನು ಅಧಿಕಾರಿ ಲೆಕ್ಕಕ್ಕಿಲ್ಲವೆಂದು ಪಕ್ಕಕ್ಕಿಟ್ಟಿದ್ದರು. ಅದು ಸೇರಿದ್ದರೆ ಟೈಲರಮ್ಮನೇ ಗೆಲ್ಲುತ್ತಿದ್ದರು. ಚೀಟಿ ಎತ್ತಿದಾಗ ವಾರಗಿತ್ತಿಯ ಹೆಸರು ಬಂತು.

ಟೈಲರಮ್ಮ ಕೋರ್ಟಿಗೆ ಹೋದರು. ಶ್ರೀನಿವಾಸಪುರದ ಲಾಯರು ಕೊಟ್ಟ ಇಂಗ್ಲಿಷ್ ಕಾಗದ ಓದಿಸಲು ನನ್ನ ಹತ್ತಿರವೇ ಬಂದರು. "ಇದೇನು ಮೇಲ್ಗಡೆ ಬರ್ದಿರೋದು?"

"ಡಿಸ್ಪ್ಯೂಟೆಡ್ ಎಲೆಕ್ಷನ್. ತಕರಾರಿರೋ ಚುನಾವಣೆ ಅಂತ."

"ಅಂದ್ರೆ ನಾನು ಹೇಳೋದು ನಿಜ ಅಂತ ಬರ್ದವ್ರಾ?"

ಇಲ್ಲವೆಂದೆ. ಇಂಗ್ಲಿಷ್ ಪೇಪರಿನಲ್ಲಿ ಯಾವ್ಯಾವುದೋ ದೇಶದ ಸುದ್ದಿಗೆಲ್ಲ ಆ ಮಾತು ಬರುತ್ತದೆ. ಪೆಟ್ಟಿಗೆಯನ್ನೇ ಕದ್ದಲ್ಲೂ ಅದೇ, ಸೋತವನು ಸುಮ್ಮನೆ ಹಠ ಹಿಡಿದಲ್ಲೂ ಅದೇ. ಯಾರದು ಸರಿ ಎಂದು ಅದು ಹೇಳುವುದಿಲ್ಲ, ಜಗಳವಿದೆ ಎಂದಷ್ಟೇ.

"ಒಳ್ಳೆ ಜಾಣರ ಮಾತು. ಹೇಳ್ದಂಗೂ ಇರ್ಬೇಕು, ಯಾರನ್ನೂ ಅಂದಂಗೂ ಇರ್ಬಾರ್ದು," ಅಂದರು. "ಟಿಕ್ ಹಾಕ್ದೋರೇ ಬಂದು ಹೇಳಿದ್ರೆ ಕೇಸು ಗಟ್ಟಿಯಾಗ್ತದೆ ಅಂತಾನೆ ಲಾಯರು. ಯಾರೋ ಏನೋ."

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮುಂದೆಯೇ ನಿಂತಿದ್ದರೂ ಹಾಲು ಉಕ್ಕಿಹೋಗುತ್ತಿತ್ತು. ಮೂರನೆಯ ದಿನ ಅವರ ಮಿಷನ್ನಿನ ಮುಂದೆ ನಿಂತು, "ಅದು ನಂದೇ. ಕೋರ್ಟಿಗೆ ಬಂದು ಹೇಳ್ತೀನಿ" ಅಂದೆ.

ಪೆಡಲ್ ನಿಂತಿತು.

"ಹೇಳಿ, ಆಮೇಲೆ ಆ ಮನೇಲಿ ಹೆಂಗೆ ಉಣ್ತೀಯಮ್ಮಾಯಿ?" ಎಂದು ಕೇಳಿದರು. ಹಿಂದೆಯೇ, ಹೋಗಲಿ ಬಿಡು ಎಂದು ತಮ್ಮ ತೆಲುಗಿನಲ್ಲಿ, "ಪೋನೀಲೇ" ಅಂದುಬಿಟ್ಟರು. ಮತ್ತೆ ಹೊಲಿಯುತ್ತಾ, "ಇಷ್ಟು ಓದಿ ಒಂದು ಮುದ್ರೆ ಒತ್ತಕ್ಕೆ ಬರ್ಲಿಲ್ವಲ್ಲೇ ನಿಂಗೆ."

ಮರುವಾರ ಅರ್ಜಿ ವಾಪಸ್ ಪಡೆದರು. ಇದ್ದದ್ದೇ ಸುಳ್ಳು ಕೇಸು, ಅದಕ್ಕೇ ಬಾಲ ಮುದುರಿದಳು ಎಂದು ಊರು ಆಡಿತು. ನಮ್ಮ ಹಿತ್ತಿಲಲ್ಲೂ ಆಡಿದರು. ನಾನು ಪಾತ್ರೆ ಉಜ್ಜುತ್ತಾ ಕೇಳಿಸಿಕೊಂಡೆ. ಟೈಲರಮ್ಮ ಎಲ್ಲೂ ನನ್ನ ಹೆಸರೆತ್ತಲಿಲ್ಲ. ಮಳೆಗಾಲ ಬಂದಾಗ ಮಿಷನ್ನನ್ನು ನಾಲ್ಕು ಕಲ್ಲಿನ ಮೇಲೆ ಎತ್ತಿಟ್ಟು ಹೊಲಿದರು.

ಈ ವರ್ಷ ಮಾವು ಹೂ ಬಿಡುವ ಹೊತ್ತಿಗೆ ಅವರು ತೀರಿಕೊಂಡರು. ಕೊನೆಯ ಸಲ ನೋಡಿಕೊಂಡು ಬರುವಾಗ ವಾರಗಿತ್ತಿ ನನ್ನ ಕೈ ಹಿಡಿದಿದ್ದಳು. "ಪಾಪ, ಒಳ್ಳೆ ಹೆಂಗಸೇ ಅಕ್ಕಾ. ಆ ಸುಳ್ಳು ಕೇಸೊಂದು ಹಾಕ್ಬಾರ್ದಿತ್ತು."

"ಸುಳ್ಳಲ್ಲ ಕಣೇ. ಆ ಟಿಕ್ ನಂದು."

ಅವಳು ಕೈ ಬಿಟ್ಟು ಮುಂದೆ ನಡೆದಳು. ಅಂದಿನಿಂದ ಅವಳ ಮನೆಯ ಸಾರು ಹಿತ್ತಿಲು ದಾಟಿ ನನ್ನ ಮನೆಗೆ ಬಂದಿಲ್ಲ. ಟೈಲರಮ್ಮ ಇಷ್ಟು ವರ್ಷ ನನಗೆ ತಪ್ಪಿಸಿದ್ದು ಏನೆಂದು ಈಗ ದಿನವೂ ಊಟದ ಹೊತ್ತಿಗೆ ಗೊತ್ತಾಗುತ್ತದೆ.