ಎಮ್ಮಿ ಹಿಂಡವಲ್ದು ಅಂದವರ ಓಣಿ

ಹೂವಿನ ಹಿಪ್ಪರಗಿಯ ನಮ್ಮ ಓಣಿಯಲ್ಲಿ ಯಾರು ಸತ್ತರೂ ಎದುರುಮನೆಯ ಅತ್ತಿ ಬಂದು, ಹೆಣದ ಮುಂದೆ ಕೂತು, ಸತ್ತವರ ಬದುಕನ್ನೆಲ್ಲ ಹಾಡ್ಯಾಡಿ ಅಳುತ್ತಿದ್ದಳು. ಮದುವೆ, ಬಾಣಂತನ, ತೊಟ್ಟಿಲು, ಒಂದೂ ಬಿಡುತ್ತಿರಲಿಲ್ಲ. ನಡುವೆ ಸೆರಗಿನಿಂದ ಮೂಗು ಒರೆಸಿಕೊಂಡು, "ಎಲ್ಲಾ ನೆನಪೈತಿ ನನಗ" ಅಂದಳೆಂದರೆ ಮನೆಯವರ ಎದೆ ಧಸಕ್ ಅನ್ನುತ್ತಿತ್ತು.

ಎಪ್ಪತ್ತರ ದಶಕದಲ್ಲಿ ನಮ್ಮಜ್ಜಿ ತೀರಿಕೊಂಡಳು. ಆಕೆ ಇದ್ದದ್ದು ಕಾಕಾನ ಮನೆಯಲ್ಲಿ. ಕಾಕಾ ಬಾಗೇವಾಡಿಯಿಂದ ಗುಲಾಬಿ ಹಾರ ತರಿಸಿ, ಊರಿಗೆಲ್ಲ ಕೇಳುವಂತೆ ಬೋರಾಡಿ ಅಳತೊಡಗಿದ. ಅತ್ತಿ ಅವನಿಗಿಂತ ದನಿ ಏರಿಸಿದಳು:

"ಈ ಮಗ ಹುಟ್ಟಿದಾಗ ಓಣಿಗೆಲ್ಲ ಸಕ್ರಿ ಹಂಚಿದ್ಯಲ್ಲ ನನ್ನವ್ವಾ! ನಿನ್ನ ಹಲ್ಲು ಬಿದ್ದ ಮ್ಯಾಲ ಕಟಕ ರೊಟ್ಟಿ ಕೊಟ್ಟನಲ್ಲ ನನ್ನವ್ವಾ! ಹಾಲು ಕೇಳಿದ್ರ ಎಮ್ಮಿ ಹಿಂಡವಲ್ದು ಅಂದನಲ್ಲ ನನ್ನವ್ವಾ!"

ಎಮ್ಮೆ ಕೆಚ್ಚಲು ತುಂಬಿಕೊಂಡು ಅಂಗಳದಲ್ಲೇ ನಿಂತಿತ್ತು. ಬಂದವರೆಲ್ಲ ಅದರ ಕಡೆ ತಿರುಗಿದರು. ಕಾಕಾ ಅಳುವುದನ್ನು ಬಿಟ್ಟು, ಎದ್ದು ಎಮ್ಮೆಯನ್ನು ಹಿತ್ತಲಿಗೆ ಹೊಡೆದುಕೊಂಡು ಹೋದ.

ಮರುದಿನದಿಂದ ಓಣಿಯ ಮುದುಕರಿಗೆಲ್ಲ ಹಾಲು, ಮೆತ್ತನೆಯ ರೊಟ್ಟಿ. ಹೆತ್ತವರ ಮೇಲೆ ಅಷ್ಟು ಬೇಗ ಪ್ರೀತಿ ಉಕ್ಕಿಸಿದ ಹಾಡನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಅತ್ತಿ ಸತ್ತಾಗ ಹಾಡುವವರು ಯಾರೂ ಇರಲಿಲ್ಲ. ಓಣಿಯ ಮಕ್ಕಳು, ಸೊಸೆಯಂದಿರು ನಿರಾಳವಾಗಿ ಕೈಕಟ್ಟಿ ನಿಂತಿದ್ದರು. ಮುದುಕರು ಮಾತ್ರ ಬಿಕ್ಕಿಬಿಕ್ಕಿ ಅತ್ತರು. ನಾಳೆಯಿಂದ ಮತ್ತೆ ಕಟಕ ರೊಟ್ಟಿ ಎಂದು ಅವರಿಗೆ ಗೊತ್ತಿತ್ತು.